ಪ್ರಹಸನವೂ ಪಂಡಿತರ ಮೌನವೂ

ದೂರದರ್ಶನದಲ್ಲಿ ಜನರನ್ನು ನಗಿಸಿ ಬದುಕುವವನು ಕವಿಯೂ ಅಲ್ಲ, ನಾಟಕಕಾರನೂ ಅಲ್ಲ, ಬರಿಯ ವೇಷದ ಕೂಲಿಕಾರನು ಎಂಬ ಅಭಿಪ್ರಾಯವು ಸಾಹಿತ್ಯಸಭೆಗಳಲ್ಲಿ ಬಹುಕಾಲದಿಂದ ಬೇರುಬಿಟ್ಟಿರುವುದು. ಕವಿಗೆ ಅರುವತ್ತು ತುಂಬಿದರೆ ಅಭಿನಂದನಗ್ರಂಥವುಂಟು. ಕಾದಂಬರಿಕಾರನು ತೀರಿಕೊಂಡರೆ ಸಂತಾಪಸಭೆಯುಂಟು. ಹಾಸ್ಯಧಾರಾವಾಹಿಯನ್ನು ತಾನೇ ಬರೆದು, ತಾನೇ ನಿರ್ದೇಶಿಸಿ, ತಾನೇ ಅಭಿನಯಿಸಿದವನ ಹೆಸರನ್ನೆತ್ತಿದರೆ ಮಾತ್ರ ಪಂಡಿತರ ಮುಖದಲ್ಲಿ ಒಂದು ತೆಳುನಗೆ ಮೂಡಿ, ಮಾತು ಬೇರೆ ಕಡೆಗೆ ಹೊರಳುವುದು. ಈ ತೆಳುನಗೆಗೆ ಶಾಸ್ತ್ರದ ಆಧಾರವಿಲ್ಲ; ವಿಚಾರದ ಆಧಾರವೂ ಇಲ್ಲ. ಇದು ಕೇವಲ ರೂಢಿ. ರೂಢಿಯು ಶಾಸ್ತ್ರದ ಪೀಠವನ್ನೇರಿ ಕುಳಿತಾಗ ಅದನ್ನು ಕೈಹಿಡಿದು ಕೆಳಗಿಳಿಸುವುದು ವಿದ್ಯಾವಂತರ ಕರ್ತವ್ಯವು. ಅದಕ್ಕೆ ದೃಷ್ಟಾಂತವಾಗಿ ಪಂಜಾಬಿನ ಜಸ್‌ಪಾಲ್ ಸಿಂಗ್ ಭಟ್ಟಿಯವರ ಜೀವನಕಾರ್ಯವನ್ನು ವಾಚಕ ಮಹಾಶಯರು ಒಮ್ಮೆ ಪರಾಮರ್ಶಿಸಬೇಕು.

ಭಟ್ಟಿಯವರು 1955ನೆಯ ಇಸವಿ ಮಾರ್ಚಿ 3ರಂದು ಅಮೃತಸರದಲ್ಲಿ ಜನಿಸಿದರು. ಚಂಡೀಗಢದ ಪಂಜಾಬ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ ಶಾಸ್ತ್ರವನ್ನು ಓದಿದರು. ಓದುತ್ತಿರುವಾಗಲೇ ‘ನಾನ್‌ಸೆನ್ಸ್ ಕ್ಲಬ್’ ಎಂಬ ಹೆಸರಿನ ಮಂಡಳಿಯನ್ನು ಕಟ್ಟಿಕೊಂಡು, ಬೀದಿಯಲ್ಲಿ ನಿಂತು, ಲಂಚಗುಳಿತನವನ್ನೂ ಅಧಿಕಾರದ ಡಂಭವನ್ನೂ ಅಣಕಿಸುವ ಆಟಗಳನ್ನು ಆಡಿತೋರಿಸಿದರು. ಬಳಿಕ ‘ದಿ ಟ್ರಿಬ್ಯೂನ್’ ಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನು ಬರೆದರು. ಎಂಬತ್ತರ ದಶಕದ ಕೊನೆಯಲ್ಲಿ ಸರ್ಕಾರೀ ದೂರದರ್ಶನದ ಬೆಳಗಿನ ಪ್ರಸಾರದಲ್ಲಿ ‘ಉಲ್ಟಾ ಪುಲ್ಟಾ’ ಎಂಬ ಹೆಸರಿನಿಂದ ಅವರ ಕೆಲವೇ ನಿಮಿಷಗಳ ವಿಡಂಬನೆಗಳು ಬರತೊಡಗಿದುವು. 1989ರಲ್ಲಿ ‘ಫ್ಲಾಪ್ ಶೋ’ ಬಂದಿತು. ಅದಕ್ಕಿದ್ದುದು ಹತ್ತೇ ಕಂತುಗಳು. ಸೋತುಹೋದ ಆಟವೆಂದು ತಾವೇ ಹೆಸರಿಟ್ಟುಕೊಂಡು ಬಂದ ಆ ಹತ್ತು ಕಂತುಗಳು ಮೂರು ದಶಕಗಳು ಕಳೆದ ಮೇಲೆಯೂ ಜನರ ಬಾಯಲ್ಲಿರುವುವು. ಗೆದ್ದೆವೆಂದು ಡಂಗುರ ಹೊಡೆಸಿಕೊಂಡು ಸಾವಿರ ಕಂತು ನಡೆದ ಎಷ್ಟೋ ಧಾರಾವಾಹಿಗಳ ಹೆಸರುಗಳನ್ನು ಅವುಗಳನ್ನು ನೋಡಿದವರೇ ಮರೆತಿರುವರು.

ಆ ಹತ್ತು ಕಂತುಗಳ ವಸ್ತುವಾದರೂ ಏನು? ಡಾಕ್ಟರೇಟ್ ಪದವಿಗೆ ಸಂಶೋಧನೆ ಮಾಡಬಂದ ಶಿಷ್ಯನನ್ನು ಮನೆಗೆಲಸಕ್ಕೆ ಹಚ್ಚುವ ಮಾರ್ಗದರ್ಶಕನು. ರೋಗವಿಲ್ಲದೆಯೇ ಔಷಧದ ಲೆಕ್ಕ ಬರೆದು ಕಛೇರಿಯಿಂದ ಹಣವನ್ನು ವಸೂಲುಮಾಡುವ ನೌಕರರು. ಕೆಟ್ಟುನಿಂತ ಟೆಲಿಫೋನು ಮತ್ತು ಅದನ್ನು ಸರಿಪಡಿಸಲಾರದ ಇಲಾಖೆ. ಕಳಪೆ ಕಟ್ಟಡವನ್ನು ಕಟ್ಟಿ ಜೇಬು ತುಂಬಿಕೊಳ್ಳುವ ಗುತ್ತಿಗೆದಾರನು. ಕಡೆಗೆ, ದೂರದರ್ಶನಕ್ಕೆ ಧಾರಾವಾಹಿ ಮಾಡಹೊರಟವರ ಪಾಡನ್ನೇ ನಗೆಗೀಡುಮಾಡಿದ ಕಂತೂ ಉಂಟು. ಕಂತಿನ ಕೊನೆಯಲ್ಲಿ ಜನಪ್ರಿಯವಾದ ಹಿಂದೀ ಚಲಚ್ಚಿತ್ರಗೀತೆಯೊಂದರ ಧಾಟಿಗೆ ಆ ದಿನದ ವಿಷಯವನ್ನೇ ಹೊಂದಿಸಿದ ಅಣಕುಹಾಡು ಬರುವುದು. ಪತ್ನಿ ಸವಿತಾ ಭಟ್ಟಿಯವರು ಜೊತೆಗಿದ್ದು ಅಭಿನಯಿಸಿದರು. ವಿವೇಕ್ ಶೌಕ್‌ರಂತಹ ನಟರು ಸಹಾಯಕರಾಗಿದ್ದರು. ಅಲಂಕಾರವಿಲ್ಲ, ಆಡಂಬರವಿಲ್ಲ, ಒಂದು ಮೇಜು, ನಾಲ್ಕು ಕುರ್ಚಿ, ತಲೆಗೆ ರುಮಾಲು ಸುತ್ತಿ ನಗದೆ ಮಾತನಾಡುವ ಒಬ್ಬ ಮನುಷ್ಯನು. ಇಷ್ಟರಿಂದಲೇ ಅವರು ಒಂದು ವ್ಯವಸ್ಥೆಯ ಹೊಟ್ಟೆಯೊಳಗಣ ಹುಳುಕನ್ನೆಲ್ಲ ಹೊರಕ್ಕೆಳೆದು ತೋರಿಸಿದರು.

ಈಗ ಪಂಡಿತರ ಆಕ್ಷೇಪಗಳನ್ನು ಒಂದೊಂದಾಗಿ ತೆಗೆದುಕೊಳ್ಳಬಹುದು.

ಮೊದಲನೆಯ ಆಕ್ಷೇಪವಿದು: “ಹಾಸ್ಯವು ಕೀಳು ರಸ, ದೂರದರ್ಶನವು ಪಾಮರರ ಮಾಧ್ಯಮ, ಎರಡೂ ಕೂಡಿದ ಕಡೆ ಕಾವ್ಯವೆಲ್ಲಿಯದು?” ಹೀಗೆನ್ನುವವರು ನಾಟ್ಯಶಾಸ್ತ್ರದ ಮೊದಲ ಅಧ್ಯಾಯವನ್ನು ಮತ್ತೊಮ್ಮೆ ಓದುವುದು ಲೇಸು. ವೇದಾಧಿಕಾರವಿಲ್ಲದವರನ್ನೂ ಒಳಗೊಂಡು ಸರ್ವವರ್ಣದವರಿಗೂ ಸಲ್ಲುವ ಐದನೆಯ ವೇದವೆಂದೇ ಅಲ್ಲಿ ನಾಟ್ಯವು ಹುಟ್ಟಿದುದು. ಪಾಮರರಿಗೆ ಅರ್ಥವಾಗುವುದೇ ದೋಷವಾದರೆ ಆ ದೋಷವನ್ನು ಭರತಮುನಿಯ ಮೇಲೆಯೇ ಹೊರಿಸಬೇಕಾದೀತು. ಇನ್ನು ಹಾಸ್ಯವಾದರೋ, ಎಂಟು ರಸಗಳಲ್ಲಿ ಒಂದೆಂದು ಮುನಿಯು ಎಣಿಸಿರುವನು. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತಗಳೆಂದು ಆರು ಬಗೆಯಾಗಿ ವಿಂಗಡಿಸಿ, ಉತ್ತಮ, ಮಧ್ಯಮ, ಅಧಮರಿಗೆ ಎರಡೆರಡನ್ನು ಹಂಚಿರುವನು. ನಗುವವರಲ್ಲಿ ಮೇಲುಕೀಳುಂಟೆಂದನೇ ಹೊರತು ನಗೆಯೇ ಕೀಳೆಂದು ಅವನು ಎಲ್ಲಿಯೂ ಹೇಳಲಿಲ್ಲ. ರೂಪಕದ ಹತ್ತು ಭೇದಗಳಲ್ಲಿ ಪ್ರಹಸನವೂ ಒಂದು. ಕಂಚಿಯ ಸಿಂಹಾಸನದಲ್ಲಿ ಕುಳಿತಿದ್ದ ಪಲ್ಲವ ಮಹೇಂದ್ರವರ್ಮನು ಏಳನೆಯ ಶತಮಾನದಲ್ಲಿ ‘ಮತ್ತವಿಲಾಸ’ವನ್ನು ಬರೆದು, ಕಳೆದುಹೋದ ಕಪಾಲಕ್ಕಾಗಿ ಕಾಪಾಲಿಕನೂ ಬೌದ್ಧಭಿಕ್ಷುವೂ ಬೀದಿಯಲ್ಲಿ ಕಾದಾಡುವುದನ್ನು ತೋರಿಸಿದನು. ಅರಸನಿಗೆ ಹಗುರವೆನಿಸದ ಕೆಲಸವು ಸಾಹಿತ್ಯಸಂಘದ ಕಾರ್ಯದರ್ಶಿಗೆ ಹಗುರವೆನಿಸಬೇಕೆ?

ಎರಡನೆಯ ಆಕ್ಷೇಪವು ಇದಕ್ಕಿಂತ ತೂಕವುಳ್ಳದು: “ಇವು ಆಯಾ ಹೊತ್ತಿನ ವಸ್ತುಗಳು. ಟೆಲಿಫೋನಿನ ತೊಂದರೆ, ಔಷಧದ ಬಿಲ್ಲು, ಸಿಮೆಂಟಿನ ಕಳವು ಇವೆಲ್ಲ ಇಂದಿದ್ದು ನಾಳೆ ಹೋಗತಕ್ಕವು. ಶಾಶ್ವತವಾದ ಮಾನವಸ್ವಭಾವವನ್ನು ಹಿಡಿಯುವುದು ಕಾವ್ಯ, ಇದು ವೃತ್ತಪತ್ರಿಕೆ.” ಇದಕ್ಕೆ ಕಾಶ್ಮೀರದ ಕ್ಷೇಮೇಂದ್ರನೇ ಉತ್ತರಕೊಡುವನು. ಹನ್ನೊಂದನೆಯ ಶತಮಾನದಲ್ಲಿ ಅವನು ‘ನರ್ಮಮಾಲೆ’ಯನ್ನು ಬರೆದುದು ಯಾರನ್ನು ಕುರಿತು? ಕಾಯಸ್ಥರೆಂಬ ಅಂದಿನ ಸರ್ಕಾರೀ ಲೆಕ್ಕಿಗರನ್ನು ಕುರಿತು. ಸುಳ್ಳುಲೆಕ್ಕ ಬರೆದು ಪ್ರಜೆಗಳನ್ನು ಸುಲಿದ ಆ ಅಧಿಕಾರಿಗಳೂ ಇಲ್ಲ, ಅವರನ್ನು ನೇಮಿಸಿದ ರಾಜ್ಯವೂ ಇಲ್ಲ. ಆದರೆ ಗ್ರಂಥವು ಉಳಿದಿರುವುದು, ಓದುವವರಿಗೆ ಇಂದಿಗೂ ನಗೆಯುಕ್ಕುವುದು. ಏಕೆಂದರೆ ಲೆಕ್ಕದ ಪುಸ್ತಕವು ಬದಲಾಗಿದ್ದರೂ ಲೆಕ್ಕ ಬರೆಯುವ ಬೆರಳಿನ ಚಾಪಲ್ಯವು ಬದಲಾಗಿಲ್ಲ. ಹದಿನೇಳನೆಯ ಶತಮಾನದ ನೀಲಕಂಠದೀಕ್ಷಿತನು ‘ಕಲಿವಿಡಂಬನ’ದಲ್ಲಿ ವಾದಿಗಳನ್ನೂ ಉಪಾಧ್ಯಾಯರನ್ನೂ ಜ್ಯೋತಿಷಿಗಳನ್ನೂ ವೈದ್ಯರನ್ನೂ ಸಾಲಾಗಿ ನಿಲ್ಲಿಸಿ ಪರೀಕ್ಷಿಸಿರುವನು. ಪಾಠಶಾಲೆಗಳಲ್ಲಿ ಆ ಗ್ರಂಥವನ್ನು ಓದಿ ತಲೆದೂಗುವವರು, ಅದೇ ಉಪಾಧ್ಯಾಯನು ‘ಫ್ಲಾಪ್ ಶೋ’ದಲ್ಲಿ ಪ್ರೊಫೆಸರನ ಕೋಟು ತೊಟ್ಟು ಬಂದಾಗ ಗುರುತಿಸಲಾರದೆ ಹೋದುದು ಸೋಜಿಗವಲ್ಲವೆ? ಸಂಸ್ಕೃತದಲ್ಲಿದ್ದರೆ ವಿಡಂಬನಕಾವ್ಯ, ಹಿಂದಿಯಲ್ಲಿದ್ದರೆ ಭಂಡತನ. ತಾಳೆಯೋಲೆಯಲ್ಲಿದ್ದರೆ ಗ್ರಂಥ, ಗಾಜಿನ ಪರದೆಯ ಮೇಲಿದ್ದರೆ ಕಾಲಹರಣ: ಇದು ಯಾವ ಮೀಮಾಂಸೆಯ ನ್ಯಾಯ?

ಮೂರನೆಯವರು ಹೇಳುವುದು: “ಆಗಲಿ, ನಗಿಸಿದರು. ನಕ್ಕದ್ದರಿಂದ ಲಂಚವು ನಿಂತಿತೆ? ಗುತ್ತಿಗೆದಾರನು ಸಿಮೆಂಟನ್ನು ಸರಿಯಾಗಿ ಹಾಕಿದನೆ?” ಇಲ್ಲ, ನಿಲ್ಲಲಿಲ್ಲ. ಆದರೆ ಈ ಪ್ರಶ್ನೆಯನ್ನು ಹಾಸ್ಯಕ್ಕೆ ಮಾತ್ರ ಕೇಳುವುದೇಕೆ? ರಾಮಾಯಣವನ್ನು ಓದಿದವರೆಲ್ಲರೂ ಪಿತೃವಾಕ್ಯಪರಿಪಾಲಕರಾದರೆ? ಕಾವ್ಯದ ಉಪದೇಶವು ರಾಜಾಜ್ಞೆಯಂತಲ್ಲ, ಕಾಂತೆಯ ಮಾತಿನಂತೆ ಎಂದು ಆಲಂಕಾರಿಕರು ಹೇಳಿರುವುದನ್ನು ಇವರು ಬಲ್ಲರು. ಕಾಂತೆಯ ಮಾತನ್ನು ಎಲ್ಲರೂ ಕೇಳುವರೆಂದೇನೂ ಇಲ್ಲ. ಆದರೂ ಕಿವಿಗೆ ಬಿದ್ದ ಮಾತು ಬಿದ್ದೇ ಇರುವುದು. ವಿಡಂಬನದ ಫಲವು ಅಪರಾಧಿಯನ್ನು ಸೆರೆಮನೆಗೆ ಕಳಿಸುವುದಲ್ಲ. ಅಪರಾಧಕ್ಕೆ ಅದರ ನಿಜವಾದ ಹೆಸರನ್ನು ಕೊಡುವುದು. ಸುಳ್ಳು ಔಷಧದ ಬಿಲ್ಲನ್ನು ಜಾಣತನವೆಂದು ಬೀಗುತ್ತಿದ್ದವನಿಗೆ ಅದು ಕಳವೆಂದು ಮನೆಮಂದಿಯ ಎದುರಿಗೆ, ಮಕ್ಕಳ ನಗೆಯ ನಡುವೆ, ಗೊತ್ತುಮಾಡಿಕೊಡುವುದು ಸಣ್ಣ ಕೆಲಸವೇನು? ದಂಡನೆಗೆ ಅಂಜದವನು ನಗೆಗೆ ಅಂಜುವನು, ಇದು ಲೋಕಾನುಭವ.

ಅಷ್ಟೇ ಅಲ್ಲ. ಭಟ್ಟಿಯವರು ಪರದೆಯ ಮೇಲೆ ನಗಿಸಿ ಮನೆಗೆ ಹೋಗಿ ಕುಳಿತವರಲ್ಲ. ಹವಾಲಾ, ಸೂಟ್‌ಕೇಸ್ ಎಂಬ ಹೆಸರುಗಳಿಂದ ಅಣಕು ರಾಜಕೀಯಪಕ್ಷಗಳನ್ನು ಸ್ಥಾಪಿಸಿ, ನಿಜವಾದ ಪಕ್ಷಗಳು ಬಾಯಲ್ಲಿ ಹೇಳದುದನ್ನು ಬೀದಿಯಲ್ಲಿ ಸಾರಿದರು. 2009ರಲ್ಲಿ, ಬೆಲೆಗಳು ಗಗನಕ್ಕೇರಿದ್ದಾಗ, ಚಂಡೀಗಢದ ಉತ್ಸವವೊಂದರಲ್ಲಿ ಮಳಿಗೆಯನ್ನಿಟ್ಟು, ತರಕಾರಿ, ಬೇಳೆ, ಎಣ್ಣೆಗಳನ್ನು ಬಹುಮಾನಗಳಂತೆ ಜೋಡಿಸಿ, ಬಳೆಯೆಸೆದು ಗೆದ್ದವರು ಒಯ್ಯಬಹುದೆಂದರು. ಜಾತ್ರೆಯಲ್ಲಿ ಗೊಂಬೆಗೆ ಬಳೆಯೆಸೆದವರೆಲ್ಲರೂ ಬೇಳೆಗೆ ಬಳೆಯೆಸೆಯುವ ಕಾಲ ಬಂದಿತೆಂಬುದನ್ನು ಅರ್ಥಶಾಸ್ತ್ರಜ್ಞನು ಹತ್ತು ಪುಟಗಳಲ್ಲಿಯೂ ಇಷ್ಟು ಸ್ಪಷ್ಟವಾಗಿ ಹೇಳಲಾರನು. 1999ರಲ್ಲಿ ‘ಮಾಹೌಲ್ ಠೀಕ್ ಹೈ’ ಎಂಬ ಪಂಜಾಬೀ ಚಲಚ್ಚಿತ್ರವನ್ನು ನಿರ್ದೇಶಿಸಿ ಪೋಲೀಸರನ್ನು ವಿಡಂಬಿಸಿದರು. ಅವರ ಕಡೆಯ ಚಿತ್ರವಾದ ‘ಪವರ್ ಕಟ್’ ವಿದ್ಯುತ್ತಿನ ಅಭಾವವನ್ನು ಕುರಿತುದು. ವಿದ್ಯುತ್ ಶಾಸ್ತ್ರವನ್ನು ಓದಿದವರ ಕೊನೆಯ ಕೃತಿಯು ಕತ್ತಲೆಯನ್ನು ಕುರಿತುದಾಯಿತು. ಆ ಚಿತ್ರದ ಪ್ರಚಾರಕಾರ್ಯದಲ್ಲಿದ್ದಾಗ, 2012ನೆಯ ಅಕ್ಟೋಬರ್ 25ರಂದು, ಜಲಂಧರ್ ಜಿಲ್ಲೆಯ ಶಾಹ್‌ಕೋಟ್‌ನ ಬಳಿ ರಸ್ತೆಯ ಅಪಘಾತದಲ್ಲಿ ಅವರು ಮಡಿದರು. ಅವರಿಗಾಗ ಐವತ್ತೇಳು ವಯಸ್ಸು. ಚಿತ್ರವು ಮಾರನೆಯ ದಿನ ಬಿಡುಗಡೆಯಾಯಿತು.

ನಾಲ್ಕನೆಯ ಆಕ್ಷೇಪವನ್ನು ಎತ್ತುವವರು ಭಟ್ಟಿಯವರ ಉತ್ತರಜೀವನವನ್ನು ಬೆರಳುಮಾಡಿ ತೋರಿಸುವರು: “ಅವರೂ ಕಡೆಗೆ ಪೇಟೆಗೆ ಬಿದ್ದರಲ್ಲ! ಹಿಂದೀ ಚಿತ್ರಗಳಲ್ಲಿ ಸಣ್ಣ ಪಾತ್ರಗಳನ್ನು ವಹಿಸಿದರು. 2008ರಲ್ಲಿ ದಂಪತಿಗಳ ನೃತ್ಯಸ್ಪರ್ಧೆಯಲ್ಲಿ ಕುಣಿದರು. ನಗೆಯ ಸ್ಪರ್ಧೆಗಳಿಗೆ ತೀರ್ಪುಗಾರರಾದರು.” ಇದು ನಿಜ; ಮರೆಮಾಚಬೇಕಾದುದಿಲ್ಲ. 2006ರ ‘ಫನಾ’ ಚಿತ್ರದಲ್ಲಿ ಅವರು ಕಾಣಿಸಿಕೊಂಡ ಪಾತ್ರವನ್ನು ಯಾರೂ ‘ಫ್ಲಾಪ್ ಶೋ’ಗೆ ಸರಿದೂಗಿಸಲಾರರು. ಆದರೆ ಈ ಇಳುವರಿಗೆ ಹೊಣೆಯಾರು? 1989ರಲ್ಲಿ ದೇಶಕ್ಕೆಲ್ಲ ಇದ್ದುದು ಸರ್ಕಾರದ ಒಂದು ದೂರದರ್ಶನವು. ಆಗ ಅದಕ್ಕೆ ಪ್ರತ್ಯೇಕವಾದ ನಿಗಮದ ಸ್ವಾತಂತ್ರ್ಯವೂ ಇರಲಿಲ್ಲ. ಪ್ರಸಾರ ಭಾರತಿಯು ಕಾರ್ಯರೂಪಕ್ಕೆ ಬಂದುದು 1997ರಲ್ಲಿ. ಸಚಿವಾಲಯದ ಅಧೀನದಲ್ಲಿದ್ದ ಆ ಸಂಸ್ಥೆಯೇ ಸರ್ಕಾರೀ ಇಲಾಖೆಗಳನ್ನು ಹಳಿಯುವ ಹತ್ತು ಕಂತುಗಳಿಗೆ ಎಡೆಗೊಟ್ಟಿತು. 1991ರಿಂದೀಚೆಗೆ ಉಪಗ್ರಹದ ವಾಹಿನಿಗಳು ಒಂದರ ಮೇಲೊಂದು ಬಂದುವು. ಸ್ವಾತಂತ್ರ್ಯವು ಹೆಚ್ಚಿತು, ವೇಳೆಯು ಹೆಚ್ಚಿತು, ಹಣವು ಹೆಚ್ಚಿತು. ಆದರೆ 2005ರ ‘ದಿ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್’ ಎಂಬ ಸ್ಪರ್ಧೆಯು ಗೆದ್ದ ಬಳಿಕ, ಹಾಸ್ಯವೆಂದರೆ ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಮೀರಿಸುವ ಪಂದ್ಯವೆಂಬ ಭಾವನೆಯು ಬಲವಾಯಿತು. ಬರೆಹಗಾರನಾಗಿ ಭಟ್ಟಿಯವರನ್ನು ಬಯಸುವವರು ಕಡಮೆಯಾಗಿ, ಪರಿಚಿತವಾದ ಮುಖವಾಗಿ ಅವರನ್ನು ಬಯಸುವವರು ಹೆಚ್ಚಿದರು. ಇದು ವ್ಯಕ್ತಿಯ ದೋಷವೆನ್ನುವುದಕ್ಕಿಂತ ಬೇಡಿಕೆಯ ದೋಷ. ಆ ಬೇಡಿಕೆಯನ್ನು ತಿದ್ದಬೇಕಾಗಿದ್ದ ವಿಮರ್ಶಕರು ಎಲ್ಲಿದ್ದರು? ದೂರದರ್ಶನವನ್ನು ನೋಡುವುದೇ ತಮ್ಮ ಘನತೆಗೆ ಕುಂದೆಂದು ಬಾಗಿಲು ಮುಚ್ಚಿಕೊಂಡಿದ್ದರು.

ಇಲ್ಲಿಯೇ ವಿಷಯದ ತಿರುಳು ಇರುವುದು. ಹಾಸ್ಯವು ಯಾವ ಯಾವ ವಿಭಾವಗಳಿಂದ ಹುಟ್ಟುವುದೆಂದು ಹೇಳುವಾಗ ಭರತನು ಒಂದು ಪಟ್ಟಿಯನ್ನು ಕೊಟ್ಟಿರುವನು: ವಿಕೃತವಾದ ವೇಷ ಮತ್ತು ಅಲಂಕಾರ, ಧಾರ್ಷ್ಟ್ಯ, ಲೌಲ್ಯ, ಕುಹಕ, ಅಸತ್ಪ್ರಲಾಪ, ವ್ಯಂಗದರ್ಶನ, ದೋಷೋದಾಹರಣ. ಈ ಪಟ್ಟಿಯನ್ನು ನಡುವೆ ಗೆರೆಯೆಳೆದು ಎರಡಾಗಿ ಸೀಳಬಹುದು. ವಿಕೃತವೇಷವೂ ವ್ಯಂಗದರ್ಶನವೂ, ಎಂದರೆ ಅಂಗವಿಕಲತೆಯನ್ನು ಎತ್ತಿತೋರಿಸುವುದೂ, ದೇಹಕ್ಕೆ ಸಂಬಂಧಪಟ್ಟುವು. ಧಾರ್ಷ್ಟ್ಯ, ಲೌಲ್ಯ, ಕುಹಕ, ದೋಷೋದಾಹರಣಗಳು ನಡತೆಗೆ ಸಂಬಂಧಪಟ್ಟುವು: ನಾಚಿಕೆಗೇಡಿತನ, ದುರಾಸೆ, ಮೋಸ, ದೋಷವನ್ನು ಎತ್ತಿಹೇಳುವುದು. ದೇಹವನ್ನು ಯಾರೂ ತಾವಾಗಿ ಆರಿಸಿಕೊಂಡು ಬರುವುದಿಲ್ಲ. ನಡತೆಯನ್ನು ಪ್ರತಿಯೊಬ್ಬನೂ ದಿನದಿನವೂ ಆರಿಸಿಕೊಳ್ಳುವನು. ಆದುದರಿಂದ ಮೊದಲನೆಯ ಭಾಗದಿಂದ ಹುಟ್ಟಿದ ನಗೆಯು ದುರ್ಬಲನ ಮೇಲೆ ಬೀಳುವುದು; ಎರಡನೆಯ ಭಾಗದಿಂದ ಹುಟ್ಟಿದ ನಗೆಯು ತಪ್ಪಿತಸ್ಥನ ಮೇಲೆ ಬೀಳುವುದು. ಭಟ್ಟಿಯವರ ‘ಫ್ಲಾಪ್ ಶೋ’ ನಿಂತಿರುವುದು ಎರಡನೆಯ ಭಾಗದ ಮೇಲೆ.

ಇಂದಿನ ವಾಹಿನಿಗಳನ್ನು ನೋಡಿರಿ. ಗಂಡಸಿಗೆ ಸೀರೆಯುಡಿಸಿ ನಗಿಸುವುದು, ದಪ್ಪಗಿರುವವಳನ್ನು ಎಮ್ಮೆಯೆಂದು ನಗಿಸುವುದು, ಕಪ್ಪಗಿರುವವನನ್ನು, ಕುಳ್ಳನನ್ನು, ತೊದಲುವವನನ್ನು, ಮನೆಗೆಲಸದ ಹೆಂಗಸಿನ ಮಾತಿನ ರೀತಿಯನ್ನು ತೋರಿಸಿ ನಗಿಸುವುದು. ನಗೆ ಬಾರದ ಕಡೆ ಯಂತ್ರದ ನಗೆಯನ್ನು ತುಂಬುವುದು. ಕನ್ನಡದ ವಾಹಿನಿಗಳೂ ಇದಕ್ಕೆ ಹೊರತಲ್ಲ. ಆದರೆ ಜಿಲ್ಲಾ ಕಛೇರಿಯ ಬಾಗಿಲಲ್ಲಿ ಪಹಣಿಗಾಗಿ ವಾರಗಟ್ಟಲೆ ನಿಂತ ರೈತನ ಎದುರಿಗೆ ಕುಳಿತಿರುವ ಅಧಿಕಾರಿಯು ಈ ನಗೆಗೆ ಎಂದಾದರೂ ಗುರಿಯಾದನೆ? ಶಾಲೆಯ ದೇಣಿಗೆಯೆಂದು ಲಕ್ಷಗಟ್ಟಲೆ ಕೀಳುವ ವಿದ್ಯಾವ್ಯಾಪಾರಿಯು ಗುರಿಯಾದನೆ? ಅಲ್ಲೊಂದು ಇಲ್ಲೊಂದು ಮಾತು ಬಂದಿರಬಹುದು, ಅದು ಪದ್ಧತಿಯಾಗಿಲ್ಲ. ಬಲಿಷ್ಠನನ್ನು ನಗಲು ಬುದ್ಧಿಯೂ ಬೇಕು, ಎದೆಯೂ ಬೇಕು. ದುರ್ಬಲನನ್ನು ನಗಲು ಎರಡೂ ಬೇಡ.

ಭಟ್ಟಿಯವರಿಗೆ ಆ ಎದೆಯು ಎಂತಹ ಕಾಲದಲ್ಲಿತ್ತೆಂಬುದನ್ನೂ ನೆನೆಯಬೇಕು. 1984ರ ಜೂನಿನಲ್ಲಿ ಅಮೃತಸರದ ಸ್ವರ್ಣಮಂದಿರದೊಳಕ್ಕೆ ಸೈನ್ಯವು ನುಗ್ಗಿತು. ಅದೇ ವರ್ಷದ ನವೆಂಬರಿನಲ್ಲಿ ದೆಹಲಿಯ ಬೀದಿಗಳಲ್ಲಿ ಸಿಖ್ಖರ ಕಗ್ಗೊಲೆ ನಡೆಯಿತು. ಪಂಜಾಬು 1987ರಿಂದ 1992ರವರೆಗೆ ರಾಷ್ಟ್ರಪತಿಯ ಆಡಳಿತದಲ್ಲಿತ್ತು. ಬಂದೂಕಿನ ಸದ್ದು ದಿನದ ವಾರ್ತೆಯಾಗಿತ್ತು. ರುಮಾಲು ಸುತ್ತಿದ ಮನುಷ್ಯನನ್ನು ಕಂಡರೆ ಒಂದೋ ಸಂಶಯ, ಇಲ್ಲವೆ ‘ಸರ್ದಾರ್‌ಜೀ’ ಎಂಬ ಚುಟುಕುಗಳ ಅಪಹಾಸ್ಯ. ಆ ಚುಟುಕುಗಳು ಕನ್ನಡದ ವಾರಪತ್ರಿಕೆಗಳ ಮೂಲೆಗಳವರೆಗೂ ಹಬ್ಬಿದ್ದುವು. ಅಂತಹ ಹೊತ್ತಿನಲ್ಲಿ ಅದೇ ರುಮಾಲಿನ ಮನುಷ್ಯನೊಬ್ಬನು ದೇಶದ ಮನೆಮನೆಯ ಪರದೆಯ ಮೇಲೆ ಬಂದು, ತನ್ನ ಮತವನ್ನೂ ನಗೆಗೀಡುಮಾಡದೆ, ಪರರ ಮತವನ್ನೂ ನಗೆಗೀಡುಮಾಡದೆ, ಬಿಲ್ಲು ಬರೆಯುವ ಗುಮಾಸ್ತನಾಗಿ, ಶಿಷ್ಯನನ್ನು ದುಡಿಸುವ ಪ್ರೊಫೆಸರಾಗಿ ನಿಂತನು. ತಪ್ಪಿತಸ್ಥನ ಪಾತ್ರವನ್ನು ಬೇರೆಯವರಿಗೆ ಹೊರಿಸದೆ ಬಹುಮಟ್ಟಿಗೆ ತಾನೇ ವಹಿಸಿದನು. ಹಿಂದಿ ಸರಿಯಾಗಿ ಬಾರದ ದಕ್ಷಿಣದ ಮನೆಗಳಲ್ಲಿಯೂ ಆ ಗುಮಾಸ್ತನ ಗುರುತು ಹತ್ತುವಂತಿತ್ತು. ಅಂತಹ ಗುಮಾಸ್ತನು ಪ್ರತಿಯೊಂದು ಊರಿನಲ್ಲಿಯೂ ಇದ್ದನು. ದೇಶದ ಐಕ್ಯವನ್ನು ಕುರಿತು ಎಷ್ಟೋ ಭಾಷಣಗಳು ಮಾಡಲಾರದುದನ್ನು ಒಂದು ಸಮಾನವಾದ ನಾಚಿಕೆಯು ಮಾಡಿತು.

ಅಧ್ಯಾಪಕವರ್ಗದವರಿಗೆ ಸಂಶೋಧನೆಯ ಮಾರ್ಗದರ್ಶಕನನ್ನು ಕುರಿತ ಕಂತಿನಿಂದ ಮುನಿಸು ಬಂದರೆ ಅದು ಸಹಜವೇ. ಆದರೆ ಮುನಿಸಿಕೊಳ್ಳುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ: ಗುರುಕುಲದಲ್ಲಿ ಶಿಷ್ಯನು ಸಮಿತ್ತನ್ನು ತರುತ್ತಿದ್ದುದು ವಿದ್ಯೆಗಾಗಿ, ಇಲ್ಲಿ ಶಿಷ್ಯನು ಮನೆಗೆಲಸಕ್ಕೆ ನಿಲ್ಲುವುದು ಒಂದು ಸಹಿಗಾಗಿ. ಎರಡೂ ಒಂದೆಯೆ? ಗುರುಸೇವೆಯೆಂಬ ಪವಿತ್ರವಾದ ಹೆಸರಿನ ಮರೆಯಲ್ಲಿ ಚಾಕರಿಯನ್ನು ಮಾಡಿಸಿಕೊಳ್ಳುವವನನ್ನು ನಗುವುದು ಗುರುನಿಂದೆಯಲ್ಲ. ಗುರುವೆಂಬ ಹೆಸರಿನ ರಕ್ಷಣೆ.

ಭಾರತ ಸರ್ಕಾರವು 2013ರಲ್ಲಿ ಭಟ್ಟಿಯವರಿಗೆ ಮರಣಾನಂತರ ಪದ್ಮಭೂಷಣವನ್ನು ಕೊಟ್ಟಿತು. ಯಾವ ಇಲಾಖೆಗಳನ್ನು ಅವರು ಜೀವಮಾನವೆಲ್ಲ ಹಳಿದರೋ ಆ ಇಲಾಖೆಗಳ ಒಡೆಯನಾದ ಸರ್ಕಾರಕ್ಕೆ ಅವರ ಯೋಗ್ಯತೆಯು ತಿಳಿಯಿತು. ಸಾಹಿತ್ಯವನ್ನೇ ಉಸಿರೆನ್ನುವವರಿಗೆ ಇಂತಹವರ ಯೋಗ್ಯತೆಯು ತಿಳಿಯದಿದ್ದರೆ ಅದು ಯಾರಿಗೆ ಕುಂದು? ಕನ್ನಡಿಗರಿಗಂತೂ ಈ ವಿಷಯದಲ್ಲಿ ಸಂದೇಹಕ್ಕೆಡೆಯೇ ಇರಬಾರದು. ಇಂಗ್ಲಿಷು ಬೆರೆತ ಮನೆಮಾತಿನಲ್ಲಿ ಪ್ರಹಸನಗಳನ್ನು ಬರೆದ ಟಿ. ಪಿ. ಕೈಲಾಸಂ ಅವರನ್ನು 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕೂರಿಸಿದವರು ಕನ್ನಡಿಗರೇ. ಪ್ರಹಸನಕಾರನು ಸಾಹಿತ್ಯದ ಅಧ್ಯಕ್ಷನಾಗಬಲ್ಲನೆಂದು ಅಂದೇ ತೀರ್ಮಾನವಾಯಿತು. ರಂಗಮಂಟಪಕ್ಕೆ ಸಂದ ಆ ತೀರ್ಮಾನವನ್ನು ಪರದೆಗೆ ವಿಸ್ತರಿಸುವುದಷ್ಟೇ ಉಳಿದಿರುವುದು.

ಆದುದರಿಂದ ಸಾಹಿತ್ಯಸಂಘಗಳು ಮಾಡಬೇಕಾದುದು ಕಷ್ಟವಾದುದೇನೂ ಅಲ್ಲ. ದೂರದರ್ಶನಕ್ಕಾಗಿ ಬರೆದ ಹಾಸ್ಯಕೃತಿಗಳಲ್ಲಿ ಉತ್ತಮವಾದುವನ್ನು ಆರಿಸಿ ಅಚ್ಚುಹಾಕಿಸಲಿ. ಪರದೆಯ ಮಾತು ಗಾಳಿಯಲ್ಲಿ ಹೋಗುವುದು, ಅಚ್ಚಿನ ಮಾತು ನಿಲ್ಲುವುದು. ನಾಟಕಕ್ಕೆ ಇಡುವ ಬಹುಮಾನಗಳಲ್ಲಿ ಒಂದನ್ನು ಈ ಜಾತಿಯ ಬರೆಹಕ್ಕೆ ಮೀಸಲಿಡಲಿ. ವಿಮರ್ಶಕರು ತಿಂಗಳಿಗೊಮ್ಮೆಯಾದರೂ ಒಂದು ಧಾರಾವಾಹಿಯನ್ನು ಕುಳಿತು ನೋಡಿ, ಇದು ಯಾರನ್ನು ನಗುತ್ತಿದೆ ಎಂದು ಕೇಳಿ, ಉತ್ತರವನ್ನು ನಿರ್ದಾಕ್ಷಿಣ್ಯವಾಗಿ ಬರೆಯಲಿ. ಒಳ್ಳೆಯದನ್ನು ಒಳ್ಳೆಯದೆನ್ನದವನಿಗೆ ಕೆಟ್ಟದ್ದನ್ನು ಕೆಟ್ಟದ್ದೆನ್ನುವ ಅಧಿಕಾರವಿಲ್ಲ. ದೂರದರ್ಶನದ ಹಾಸ್ಯವೆಲ್ಲವೂ ಕಸವೆಂದು ಮೂಗುಮುರಿಯುವವರು, ಕಸದ ನಡುವೆ ಬಿದ್ದಿದ್ದ ಒಂದು ಮುತ್ತನ್ನು ಆಯ್ದುಕೊಳ್ಳುವ ಶ್ರಮವನ್ನು ಎಂದಾದರೂ ಪಟ್ಟರೆ?

ನಗೆಯಿಲ್ಲದೆ ಜನರು ಬದುಕಲಾರರು. ಸಜ್ಜನರು ಒಳ್ಳೆಯ ನಗೆಯನ್ನು ಗುರುತಿಸಿ ಗೌರವಿಸದಿದ್ದರೆ, ಕುಂಟನನ್ನೂ ಕುರುಡನನ್ನೂ ಕೂಲಿಯವನನ್ನೂ ತೋರಿಸಿ ನಗಿಸುವವರು ಆ ಸ್ಥಾನವನ್ನು ತುಂಬುವರು, ಈಗಾಗಲೇ ತುಂಬುತ್ತಿರುವರು. ಸಂಜೆಯ ಹೊತ್ತು ಮನೆಯ ಮಕ್ಕಳು ಪರದೆಯ ಮುಂದೆ ಕುಳಿತು ಯಾರನ್ನು ನೋಡಿ ನಗಲು ಕಲಿಯುತ್ತಿರುವರೋ ಅದರಂತೆ ಅವರ ನಾಳಿನ ನಡತೆಯಾಗುವುದು. ಈ ಶಿಕ್ಷಣವು ನಡೆಯುತ್ತಲೇ ಇರುವುದು. ಪಂಡಿತರು ಮೌನವಾಗಿರುವುದರಿಂದ ಅದು ನಿಲ್ಲುವುದಿಲ್ಲ.